ಇಲಿಯ ಆತಂಕ ಮತ್ತು ಮಿದುಳುಕಾಂಡದ ಒಂದು ನರಕೋಶಗುಚ್ಛ

ಬೆನ್ನುಹುರಿಯು ಮಿದುಳನ್ನು ಸೇರುವೆಡೆಯಲ್ಲಿರುವ ಮಿದುಳುಕಾಂಡವು ಉಸಿರಾಟ, ಹೃದಯಬಡಿತ, ನಿದ್ರೆಗಳನ್ನು ನೋಡಿಕೊಳ್ಳುವ ಭಾಗವೆಂದೇ ಸಾಮಾನ್ಯವಾಗಿ ಪರಿಚಿತವಾಗಿದ್ದರೂ, ಅದರ ನಡುಗೆರೆಯ ಗುಂಟ ಹಬ್ಬಿರುವ ರಾಫೆ ಎಂಬ ನರಕೋಶಗುಚ್ಛಗಳಿಗೆ ಆತಂಕದೊಂದಿಗೂ ನಿಕಟ ನಂಟಿದೆ. ಇವುಗಳಲ್ಲಿ ಡಾರ್ಸಲ್ ರಾಫೆ ಎಂಬುದು, ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮುಮ್ಮಿದುಳಿಗೆ ಒದಗಿಸುವ ಪ್ರಮುಖ ನೆಲೆ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಮೇಯರ್ ಮತ್ತು ಸಂಗಡಿಗರು ಬಳಸಿದ ಪ್ರಯೋಗಕ್ರಮದಲ್ಲಿ ಎರಡು ಇಲಿಗಳ ಬಾಲಕ್ಕೆ ಏಕಕಾಲದಲ್ಲಿ ವಿದ್ಯುದಾಘಾತ ಕೊಡಲಾಗುತ್ತದೆ. ಮೊದಲನೆಯದು ಚಕ್ರವನ್ನು ತಿರುಗಿಸಿದರೆ ಎರಡಕ್ಕೂ ಆಘಾತ ನಿಲ್ಲುತ್ತದೆ, ಎರಡನೆಯದು ಏನು ಮಾಡಿದರೂ ಫಲವಿಲ್ಲ. ಅನುಭವಿಸಿದ ನೋವು ಸಮನಾಗಿದ್ದರೂ ಮರುದಿನ ಎರಡನೆಯ ಇಲಿ ಮಾತ್ರ ಅಪರಿಚಿತ ಮರಿಯಿಲಿಯ ಒಡನಾಟಕ್ಕೆ ಹಿಂಜರಿಯುತ್ತದೆ, ಹೆಚ್ಚು ಹೊತ್ತು ಮರಗಟ್ಟಿ ನಿಲ್ಲುತ್ತದೆ, ಸುಲಭವಾಗಿ ತಪ್ಪಿಸಿಕೊಳ್ಳಬಹುದಾದ ಆಘಾತದಿಂದಲೂ ತಪ್ಪಿಸಿಕೊಳ್ಳಲು ಕಲಿಯುವುದಿಲ್ಲ.

1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡಾರ್ಸಲ್ ರಾಫೆಯನ್ನು ಮೊದಲೇ ಹಾನಿಗೊಳಿಸಿದ್ದ ಇಲಿಗಳು ತಪ್ಪಿಸಿಕೊಳ್ಳಲಾಗದ ಆಘಾತವನ್ನು ಉಂಡ ಮೇಲೂ ಈ ಹೆಚ್ಚುವರಿ ಭಯವನ್ನಾಗಲಿ ಅಸಹಾಯಕತೆಯನ್ನಾಗಲಿ ತೋರಲಿಲ್ಲ. ಭಯದ ಕೇಂದ್ರವೆಂದು ಹೆಸರಾದ ಅಮಿಗ್ಡಲಾವನ್ನು ಹಾನಿಗೊಳಿಸಿದಾಗಲಾದರೋ ಭಯ ಅಡಗಿತು, ಆದರೆ ತಪ್ಪಿಸಿಕೊಳ್ಳಲಾರದ ದೌರ್ಬಲ್ಯ ಹಾಗೆಯೇ ಉಳಿಯಿತು. ಈ ವ್ಯತ್ಯಾಸವೇ ಇಡೀ ಅಧ್ಯಯನದ ತಿರುಳು: ಭಯಪಡುವುದೂ ಕೈಚೆಲ್ಲಿ ಕೂರುವುದೂ ಮಿದುಳಿನಲ್ಲಿ ಒಂದೇ ದಾರಿಯ ವ್ಯಾಪಾರಗಳಲ್ಲ.

ಹಾನಿಯ ಪ್ರಯೋಗಗಳನ್ನು ಎಚ್ಚರದಿಂದಲೇ ಓದಬೇಕು. ವಿದ್ಯುತ್ತಿನಿಂದ ಅಂಗಾಂಶವನ್ನು ಸುಟ್ಟಾಗ ಅಲ್ಲಿನ ಕೋಶಗಳಷ್ಟೇ ಅಲ್ಲ, ಆ ಜಾಗವನ್ನು ಹಾದುಹೋಗುವ ಬೇರೆಡೆಯ ನರತಂತುಗಳೂ ನಾಶವಾಗುತ್ತವೆ. ಆದರೆ ಸೆರೊಟೋನಿನ್ ಕೋಶಗಳನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸುವ ಔಷಧವನ್ನು ನೇರವಾಗಿ ಡಾರ್ಸಲ್ ರಾಫೆಗೆ ಚುಚ್ಚಿದಾಗಲೂ ಅಸಹಾಯಕತೆ ಮೂಡದಿದ್ದುದರಿಂದ ಆ ಸಂದೇಹ ಬಹುಮಟ್ಟಿಗೆ ಬಗೆಹರಿಯಿತು.

ಹಾಗಾದರೆ ಚಕ್ರ ತಿರುಗಿಸುವ ಇಲಿ ಪಾರಾಗುವುದು ಹೇಗೆ? ಹಣೆಯ ಹಿಂದಿನ ಪ್ರಿಫ್ರಾಂಟಲ್ ಕಾರ್ಟೆಕ್ಸ್, ಆಘಾತ ತನ್ನ ಹತೋಟಿಯಲ್ಲಿದೆಯೆಂಬುದನ್ನು ಗುರುತಿಸಿ ರಾಫೆಯನ್ನು ಹದ್ದುಬಸ್ತಿನಲ್ಲಿಡುತ್ತದೆಂದು 2005ರಲ್ಲಿ ಇದೇ ತಂಡ ತೋರಿಸಿತು. ಕಾರ್ಟೆಕ್ಸಿನ ಆ ಭಾಗವನ್ನು ನಿಷ್ಕ್ರಿಯಗೊಳಿಸಿದರೆ ಚಕ್ರ ಕೈಯಲ್ಲಿದ್ದ ಇಲಿಯೂ ಎರಡನೆಯದರಂತೆಯೇ ವರ್ತಿಸಿತು. ಅಸಹಾಯಕತೆ ಕಲಿತು ಬರುವಂಥದೆಂದು 1967ರಲ್ಲಿ ನಾಯಿಗಳ ಪ್ರಯೋಗದಿಂದ ಪ್ರತಿಪಾದಿಸಿದ್ದ ಮೇಯರ್ ಮತ್ತು ಮಾರ್ಟಿನ್ ಸೆಲಿಗ್ಮನ್, ಈ ಫಲಿತಾಂಶಗಳ ಬಲದ ಮೇಲೆ 2016ರಲ್ಲಿ ತಮ್ಮ ಸಿದ್ಧಾಂತವನ್ನೇ ತಿರುವಿಹಾಕಿದರು: ದೀರ್ಘ ಸಂಕಟಕ್ಕೆ ರಾಫೆಯ ಮೂಲಕ ಹೊಮ್ಮುವ ನಿಷ್ಕ್ರಿಯತೆ ಹುಟ್ಟುಗುಣ, ಕಲಿಯಬೇಕಾದದ್ದು ಹತೋಟಿ.