ನೀರು ಇಳಿದ ಮೇಲೆ ಬರುವ ಉಪಗ್ರಹ

2024ರ ಅಕ್ಟೋಬರ್ 29ರಂದು ಸ್ಪೇನಿನ ವೆಲೆನ್ಸಿಯಾ ಪ್ರಾಂತ್ಯದ ಚಿವಾದಲ್ಲಿ ಎಂಟು ಗಂಟೆಯೊಳಗೆ 491 ಮಿ.ಮೀ. ಮಳೆ ಸುರಿಯಿತು. ಬತ್ತಿದ್ದ ಪೋಯೊ ಹಳ್ಳ ಉಕ್ಕಿ ಪೈಪೋರ್ಟಾ ಪಟ್ಟಣಕ್ಕೆ ನುಗ್ಗಿತು. ಇಂಥ ದಿಢೀರ್ ನೆರೆ ಎಲ್ಲಿಯವರೆಗೆ ಹಬ್ಬಿತು ಎಂದು ಉಪಗ್ರಹ ಚಿತ್ರ ನೋಡಿ ಕಂಪ್ಯೂಟರೇ ಗುರುತಿಸುವ ವಿಧಾನಗಳು ಹಲವಿವೆ.

ಸುಲಭದ್ದು ಬಣ್ಣದ ಲೆಕ್ಕ. ನೀರು ಅವಕೆಂಪು ಬೆಳಕನ್ನು ಹೀರುತ್ತದೆ, ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. ಈ ವ್ಯತ್ಯಾಸವನ್ನೇ 1996ರಲ್ಲಿ ಮೆಕ್‌ಫೀಟರ್ಸ್ ಎಂಬ ಸಂಶೋಧಕರು ಸೂಚ್ಯಂಕವಾಗಿಸಿದರು. ಆದರೆ ಕೆಸರುನೀರು ಅವಕೆಂಪನ್ನೂ ಒಂದಿಷ್ಟು ಮರಳಿಸುತ್ತದೆ. ದಿಢೀರ್ ನೆರೆಯೆಂದರೆ ಕೆಸರೇ ತಾನೇ? ಹಾಗಾಗಿ ಕಿರುತರಂಗದ ಅವಕೆಂಪನ್ನು ಬಳಸುವ 2006ರ ತಿದ್ದುಪಡಿಯೇ ಇಲ್ಲಿ ವಾಸಿ. ಮೋಡ ಕವಿದರೆ ಎರಡೂ ಕುರುಡು.

ರಾಡಾರ್‌ಗೆ ಮೋಡ ಅಡ್ಡಿಯಲ್ಲ. ನಿಂತ ನೀರು ಅದರ ಅಲೆಗಳನ್ನು ಆಚೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಎಷ್ಟು ಕಪ್ಪಾದರೆ ನೀರು ಎಂಬುದನ್ನು 1979ರ ಓಟ್ಸು ವಿಧಾನ ತಾನೇ ನಿರ್ಧರಿಸುತ್ತದೆ. ಪಿಕ್ಸೆಲ್‌ಗಳು ಎರಡು ಗುಂಪಾಗಿ ಒಡೆದಿದ್ದರೆ ಮಾತ್ರ ಅದಕ್ಕೆ ಕೆಲಸ ಸಲೀಸು. ಹಳ್ಳದ ಗುಂಟ ಹರಡಿದ ಸಣ್ಣ ಪಟ್ಟಿಯಷ್ಟೇ ನೀರಿದ್ದರೆ ನೀರನ್ನೂ ನೆಲವನ್ನೂ ಬೇರ್ಪಡಿಸುವ ಗೆರೆ ಎಲ್ಲೆಲ್ಲೋ ಬೀಳುತ್ತದೆ. ಆಗ ಚಿತ್ರವನ್ನು ತುಂಡು ತುಂಡಾಗಿಸಿ ನೋಡಬೇಕು. ಡಾಂಬರು ರಸ್ತೆ, ಗುಡ್ಡದ ಮರೆಯೂ ಕಪ್ಪೇ. ನೆರೆಗೆ ಮೊದಲಿನ ಚಿತ್ರದೊಡನೆ ಹೋಲಿಸಿದರೆ ಅವು ಬಿಟ್ಟುಹೋಗುತ್ತವೆ. ಊರೊಳಗೆ ಮಾತ್ರ ಲೆಕ್ಕ ತಿರುವುಮುರುವು: ಅಲೆ ಬೀದಿಯ ನೀರಿಗೂ ಗೋಡೆಗೂ ಬಡಿದು ಹಿಂದಿರುಗುವುದರಿಂದ ಮುಳುಗಿದ ಬೀದಿ ಇನ್ನಷ್ಟು ಬೆಳ್ಳಗಾಗಬಹುದು. ಕಪ್ಪನ್ನಷ್ಟೇ ಹುಡುಕುವ ವಿಧಾನ, ಜನರಿರುವ ಜಾಗವನ್ನೇ ಒಣನೆಲ ಎನ್ನುತ್ತದೆ.

ನರಜಾಲ ಮಾದರಿಗಳು ಆಕಾರವನ್ನೂ ಕಲಿಯುತ್ತವೆ. 11 ಪ್ರವಾಹಗಳ 4,831 ಚಿತ್ರತುಂಡುಗಳಿರುವ ಸೆನ್1ಫ್ಲಡ್ಸ್11 ಎಂಬ ದತ್ತಸಂಗ್ರಹ ಅವುಗಳ ಹೆಸರಾಂತ ಪಾಠಪುಸ್ತಕ. ಆದರೂ ನಾನಾದರೆ ಮೊದಲು ಹಿಂದುಮುಂದಿನ ರಾಡಾರ್ ಚಿತ್ರಗಳನ್ನು ಹೋಲಿಸಿ, ಹತ್ತಿರದ ಹಳ್ಳಕ್ಕಿಂತ ತೀರ ಎತ್ತರದಲ್ಲಿರುವ ಜಾಗಗಳನ್ನು ತೆಗೆದುಹಾಕುತ್ತೇನೆ. ಖರ್ಚು ಕಡಿಮೆ, ತಪ್ಪಿದ್ದೆಲ್ಲಿ ಎಂಬುದೂ ತಿಳಿಯುತ್ತದೆ.

ಯಾವುದು ಮೇಲು ಎಂದು ಅಳೆಯುವಾಗ ‘ಶೇಕಡಾ 98 ನಿಖರ’ ಎಂಬ ಮಾತಿಗೆ ಮರುಳಾಗಬೇಡಿ. ನೂರು ಪಿಕ್ಸೆಲ್‌ನಲ್ಲಿ ಎರಡೇ ಮುಳುಗಿದ್ದರೆ, ಎಲ್ಲವೂ ಒಣ ಎಂದವನಿಗೂ 98 ಅಂಕ ಸಿಗುತ್ತದೆ. ನಕ್ಷೆಯ ನೀರು, ನಿಜವಾದ ನೀರು ಎರಡೂ ಸೇರಿ ಆವರಿಸಿದ ಜಾಗದಲ್ಲಿ ಪರಸ್ಪರ ಹೊಂದಿದ್ದೆಷ್ಟು ಎಂದು ಕೇಳಿದರೆ ಅವನಿಗೆ ಸೊನ್ನೆ.

ಹೋಲಿಕೆಗೆ ಒಂದೇ ಹೊತ್ತಿನ ಚಿತ್ರವೂ ಬೇಕು. ವೆಲೆನ್ಸಿಯಾ ನೆರೆಯ ವೇಳೆ ಕೆಲಸದಲ್ಲಿದ್ದ ಸೆಂಟಿನೆಲ್-1 ರಾಡಾರ್ ಉಪಗ್ರಹ ಒಂದೇ, ಅದೇ ಹಾದಿಗೆ ಮರಳಲು ಅದಕ್ಕೆ 12 ದಿನ. ಬೀದಿಯ ನೀರು ಗಂಟೆಗಳಲ್ಲಿ ಇಳಿಯುತ್ತದೆ. ಅಂಥ ಕಡೆ ಗೋಡೆಯ ಮೇಲಿನ ಕೆಸರುಗೆರೆಯ ಎತ್ತರ ಅಳೆದು ನಕ್ಷೆಗೆ ಸೇರಿಸುವುದೇ ದಾರಿ.