55 ಟನ್ನಿಗೆ 6.7 ಲೀಟರ್

ಅಮೆರಿಕದ ಹೆದ್ದಾರಿಯಲ್ಲಿ ಓಡುವ ಟ್ರೇಲರ್ ಲಾರಿ ಸರಕೂ ಸೇರಿ ಸಾಮಾನ್ಯವಾಗಿ 80,000 ಪೌಂಡು, ಅಂದರೆ 36 ಟನ್ ಚಿಲ್ಲರೆ, ಮೀರುವಂತಿಲ್ಲ. ಅದನ್ನು ಎಳೆಯಲು ಕಮಿನ್ಸ್ ಕಂಪನಿ ಕೊಡುವ ಎಕ್ಸ್15 ಎಂಜಿನ್ನಿನ ಗಾತ್ರ 15 ಲೀಟರ್. ಭಾರತದಲ್ಲಿ 2018ರ ತಿದ್ದುಪಡಿಯ ನಂತರ ಟ್ರೇಲರ್ ಲಾರಿಯೊಂದು 55 ಟನ್ ತೂಗಬಹುದು. ಟಾಟಾ ಪ್ರೈಮಾ 5530ರಲ್ಲಿ ಆ 55 ಟನ್ನನ್ನು ಎಳೆಯುವುದೂ ಕಮಿನ್ಸ್ ಎಂಜಿನ್ನೇ. ಗಾತ್ರ ಮಾತ್ರ 6.7 ಲೀಟರ್. ಹೊರೆ ಒಂದೂವರೆ ಪಟ್ಟು, ಎಂಜಿನ್ ಅರ್ಧಕ್ಕಿಂತ ಚಿಕ್ಕದು!

ನಮ್ಮದು ಬಡಪಾಯಿ ಎಂಜಿನ್ ಎಂದೋ, ಅವರದು ದುಂದು ಎಂದೋ ಹೇಳಿಬಿಡುವುದು ಸುಲಭ. ಎರಡೂ ಸರಿಯಲ್ಲ.

ಲೀಟರ್ ಎಂದರೆ ಇಲ್ಲಿ ಜಾಗದ ಅಳತೆ. ಆರೂ ಪಿಸ್ಟನ್‌ಗಳು ಮೇಲಿನಿಂದ ಕೆಳಗಿನವರೆಗೆ ಸರಿದಾಗ ಸಿಲಿಂಡರುಗಳಲ್ಲಿ ತೆರವಾಗುವ ಒಟ್ಟು ಜಾಗ ಅದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಹದಿನೇಳರಲ್ಲಿ ಒಂದಂಶಕ್ಕೆ ಹಿಂಡಿದರೆ ಅದರ ಉಷ್ಣತೆ 500 ಡಿಗ್ರಿ ದಾಟುತ್ತದೆ. ಆ ಕ್ಷಣಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಎಷ್ಟು ಗಾಳಿಯೋ ಅಷ್ಟೇ ಡೀಸೆಲ್ ಉರಿಯಬಲ್ಲದು. ಹೆಚ್ಚು ಗಾಳಿ ಬೇಕೆಂದರೆ ದಾರಿ ಎರಡು: ಜಾಗ ದೊಡ್ಡದು ಮಾಡುವುದು, ಇಲ್ಲವೇ ಇರುವ ಜಾಗಕ್ಕೆ ಟರ್ಬೊ ಮೂಲಕ ಗಾಳಿ ತುರುಕುವುದು.

ಎರಡೂ ಎಂಜಿನ್ನುಗಳಲ್ಲಿ ಟರ್ಬೊ ಇದೆ. ಹಾಗಾದರೆ ಲೋಹದ ಮೇಲೆ ಹೆಚ್ಚು ಒತ್ತಡ ಬೀಳುವುದು ಯಾವುದರಲ್ಲಿ? 6.7 ಲೀಟರಿನದರ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 1,100 ನ್ಯೂಟನ್ ಮೀಟರ್. 500 ಅಶ್ವಶಕ್ತಿಯ ಎಕ್ಸ್15ರದು ಸುಮಾರು 2,500. ಇವನ್ನು ಲೀಟರಿಗೆ ಹಂಚಿ ನೋಡಿ: ಒಂದರಲ್ಲಿ 164, ಇನ್ನೊಂದರಲ್ಲಿ 167. ಹೆಚ್ಚುಕಡಿಮೆ ಒಂದೇ. ಪಿಸ್ಟನ್ ಓಡಾಡುವ ಸರಾಸರಿ ವೇಗ ಲೆಕ್ಕ ಹಾಕಿದರೂ ಅದೇ ಕಥೆ. ಚಿಕ್ಕದು ನಿಮಿಷಕ್ಕೆ 2,300 ಸುತ್ತಿನಲ್ಲಿ, ದೊಡ್ಡದು 1,800ರಲ್ಲಿ ತಿರುಗುವಾಗ ಎರಡರ ಪಿಸ್ಟನ್‌ಗಳೂ ಸೆಕೆಂಡಿಗೆ ಹತ್ತು ಮೀಟರಿನ ಆಸುಪಾಸಿನಲ್ಲಿವೆ. ಎರಕದ ಕಬ್ಬಿಣ, ಉಕ್ಕು, ಎಣ್ಣೆಯ ಪದರ ಇವುಗಳ ಮಿತಿ ಅಮೆರಿಕಕ್ಕೊಂದು ಭಾರತಕ್ಕೊಂದು ಇರುವುದಿಲ್ಲ. ನನಗೆ ಈ ಅಂಕಿಗಳಲ್ಲಿ ತುಂಬ ಇಷ್ಟವಾಗುವ ಸಂಗತಿ ಇದು.

ವ್ಯತ್ಯಾಸವಿರುವುದು ರಸ್ತೆಯಲ್ಲಿ. ಅಲ್ಲಿನ ಲಾರಿ ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 105 ಕಿ.ಮೀ. ವೇಗದಲ್ಲಿ ದಿನವಿಡೀ ಹೋಗುತ್ತದೆ. ನಮ್ಮಲ್ಲಿ ಸರಕು ವಾಹನಕ್ಕೆ ಕಾನೂನಿನ ಮಿತಿಯೇ 80. ತುಂಬಿದ ಟ್ರೇಲರ್ 60ರಲ್ಲಿ ಸಾಗಿದರೆ ಒಳ್ಳೆಯ ಓಟವೇ. ಎದುರುಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. 60ರಿಂದ 105ಕ್ಕೆ ಹೋದರೆ ಅದು ಐದು ಪಟ್ಟಿಗೂ ಹೆಚ್ಚು. ಟೈರುಗಳ ಉರುಳುವಿಕೆಯನ್ನೂ ಕೂಡಿಸಿ ಅಂದಾಜು ಮಾಡಿದರೆ 36 ಟನ್ನಿನ ಆ ಲಾರಿಗೆ ಸುಮಾರು 200 ಅಶ್ವಶಕ್ತಿ ಬೇಕು, 55 ಟನ್ನಿನ ನಮ್ಮದಕ್ಕೆ 110ರಷ್ಟು ಸಾಕು. ಹೊರೆ ಹೆಚ್ಚಿದ್ದರೂ ಬೇಡಿಕೆ ಕಡಿಮೆ! ಅಷ್ಟು ಸಣ್ಣ ಕೆಲಸಕ್ಕೆ 15 ಲೀಟರಿನ ಎಂಜಿನ್ ಹೂಡಿದರೆ ಅದರ ಉಂಗುರ, ಬೇರಿಂಗು, ಪಂಪುಗಳ ಘರ್ಷಣೆಯೇ ಡೀಸೆಲಿನ ಗಣನೀಯ ಪಾಲನ್ನು ತಿಂದುಹಾಕುತ್ತದೆ. ಜತೆಗೆ ಎಂಜಿನ್ನಿನ ಸ್ವಂತ ತೂಕ ಹೆಚ್ಚಿದಷ್ಟೂ ಸರಕು ಕಡಿಮೆಯಾಗುತ್ತದೆ. ಸಮತಟ್ಟು ನೆಲದ ಮಟ್ಟಿಗೆ 6.7 ಲೀಟರ್ ಬುದ್ಧಿವಂತಿಕೆಯ ಆಯ್ಕೆ.

ಆದರೆ ಬೆಂಗಳೂರು–ಮಂಗಳೂರು ಹೆದ್ದಾರಿ ಸಮತಟ್ಟಾಗಿ ಮುಗಿಯುವುದಿಲ್ಲ. ಬಂದರಿನಿಂದ ಕಂಟೇನರ್ ಹೊತ್ತು ಬರುವ ಲಾರಿ ಗುಂಡ್ಯ ದಾಟಿದ ಮೇಲೆ ಶಿರಾಡಿ ಘಾಟಿ ಹತ್ತಬೇಕು. ಅಂಥ ಏರಿನಲ್ಲಿ ಗಾಳಿ ಲೆಕ್ಕಕ್ಕೆ ಬರುವುದಿಲ್ಲ; ತೂಕ ಮತ್ತು ಅಶ್ವಶಕ್ತಿಯ ಅನುಪಾತ ಒಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆ ಎಂದಿಟ್ಟುಕೊಳ್ಳಿ. 500 ಅಶ್ವಶಕ್ತಿಯ ಎಂಜಿನ್ 36 ಟನ್ನನ್ನು ಅಲ್ಲಿ ಗಂಟೆಗೆ 50 ಕಿ.ಮೀ.ನಂತೆ ಏರಿಸುತ್ತದೆ. ಪ್ರೈಮಾದ 300 ಅಶ್ವಶಕ್ತಿ 55 ಟನ್ನನ್ನು ಏರಿಸುವುದು 20ರ ಸುಮಾರಿನಲ್ಲಿ. ಟನ್ನಿಗೆ ಐದೂವರೆ ಅಶ್ವಶಕ್ತಿ ಎಂಬ ಆ ಅಂಕಿಯ ಹಿಂದೆ ಬಸ್ಸು, ಕಾರು, ಆಂಬುಲೆನ್ಸು ಎಲ್ಲವೂ ಸಾಲುಗಟ್ಟುತ್ತವೆ. ಘಾಟಿಯಲ್ಲಿ ತೆವಳುವ ಲಾರಿಯ ಚಾಲಕನನ್ನು ಬೈಯುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ಅವನ ಕಾಲು ಆಗಲೇ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿರುತ್ತದೆ.

ದಕ್ಷತೆಯ ವಿಷಯದಲ್ಲಿ ದೊಡ್ಡ ಎಂಜಿನ್ನಿಗೆ ಒಂದು ಸಹಜ ಅನುಕೂಲವಿದೆ. ಸಿಲಿಂಡರ್ ದೊಡ್ಡದಾದಷ್ಟೂ ಒಳಗಿನ ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಗೋಡೆಯ ವಿಸ್ತಾರ ಕಡಿಮೆ, ಹಾಗಾಗಿ ಶಾಖ ಸೋರುವುದೂ ಕಡಿಮೆ. ಆದರೆ ದಕ್ಷತೆ ಗಾತ್ರವೊಂದರಿಂದಲೇ ಬರುವುದಿಲ್ಲ. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ ಇಂಧನದ ಶೇ 26ರಷ್ಟನ್ನು ಕೆಲಸಕ್ಕೆ ತಿರುಗಿಸಿತ್ತು. ಚೀನಾದ ವೈಚಾಯ್ ಕಂಪನಿ 2024ರಲ್ಲಿ ಪ್ರಕಟಿಸಿದ ಅಂಕಿ ಶೇ 53 ದಾಟಿದೆ.

ಇಳಿಜಾರಿಗೆ ಬಂದಾಗ ಮಾತ್ರ ಎಂಜಿನ್ನಿನೊಳಗೆ ಲೀಟರಿಗೆ ಸುಲಭದ ಪರ್ಯಾಯ ಸಿಗುವುದಿಲ್ಲ. ಕಮಿನ್ಸ್ ಕಂಪನಿಯ ಸ್ಥಾಪಕ ಕ್ಲೆಸ್ಸಿ ಕಮಿನ್ಸ್ 1931ರಲ್ಲಿ ಡೀಸೆಲ್ ಲಾರಿಯೊಂದನ್ನು ಅಮೆರಿಕದ ಉದ್ದಕ್ಕೂ ಓಡಿಸಿಕೊಂಡು ಹೋಗುವಾಗ, ಕ್ಯಾಲಿಫೋರ್ನಿಯಾದ ಕಹೋನ್ ಘಾಟಿಯಲ್ಲಿ ಬ್ರೇಕು ಕೈಕೊಟ್ಟಿತು. ಕೆಳಗಿನ ಲೆವೆಲ್ ಕ್ರಾಸಿಂಗಿನಲ್ಲಿ ಗೂಡ್ಸ್ ರೈಲು ಹಾದುಹೋಗುತ್ತಿತ್ತು, ಕೂದಲೆಳೆಯಲ್ಲಿ ಪಾರಾದರು. ಎಂಜಿನ್ನನ್ನೇ ಬ್ರೇಕಾಗಿಸುವ ಯೋಚನೆಯನ್ನು ಅವರು ಅಲ್ಲಿಂದ ಬಿಡಲಿಲ್ಲ. ಉಪಾಯ ಸೊಗಸಾದದ್ದು: ಡೀಸೆಲ್ ನಿಲ್ಲಿಸಿ, ಪಿಸ್ಟನ್ ಗಾಳಿಯನ್ನು ಪೂರ್ತಿ ಹಿಂಡಿದ ಕೂಡಲೇ ಹೊಗೆ ಕವಾಟ ತೆರೆದುಬಿಡುವುದು. ಹಿಂಡಲು ವ್ಯಯವಾದ ಶಕ್ತಿ ಮರಳಿ ಚಕ್ರಕ್ಕೆ ಸಿಗುವುದಿಲ್ಲ. ಎಂಜಿನ್ ಬರಿಯ ಗಾಳಿ ಪಂಪಾಗಿ ಲಾರಿಯನ್ನು ಹಿಡಿದೆಳೆಯುತ್ತದೆ. 1961ರಲ್ಲಿ ಜೇಕಬ್ಸ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಇಂದಿನ ಎಕ್ಸ್15 ಹೀಗೆ 600 ಅಶ್ವಶಕ್ತಿಯವರೆಗೆ ತಡೆಯಬಲ್ಲದು.

ಅದೇ ಶೇ 6ರ ಇಳಿಜಾರಿನಲ್ಲಿ 55 ಟನ್ ಲಾರಿ 40 ಕಿ.ಮೀ. ವೇಗದಲ್ಲಿ ಇಳಿದರೆ, ಟೈರುಗಳು ತಡೆದದ್ದು ಕಳೆದೂ 400 ಅಶ್ವಶಕ್ತಿಗೂ ಹೆಚ್ಚನ್ನು ಎಲ್ಲಾದರೂ ಕರಗಿಸಬೇಕು. 6.7 ಲೀಟರಿಗೆ ಅಷ್ಟು ಹಿಡಿಯುವ ತಾಕತ್ತಿಲ್ಲ. ಉಳಿದದ್ದು ಚಕ್ರದ ಡ್ರಮ್ಮುಗಳ ಪಾಲು, ಮತ್ತು ಡ್ರಮ್ ಕಾದು ಹಿಗ್ಗಿದರೆ ಬ್ರೇಕು ಹಿಡಿಯುವುದಿಲ್ಲ. ಅನುಭವಿ ಚಾಲಕರು ಹತ್ತುವ ಗೇರಿನಲ್ಲೇ ಇಳಿಯುವುದು ಇದೇ ಕಾರಣಕ್ಕೆ: ವೇಗ 20ಕ್ಕೆ ಇಳಿದರೆ ಕರಗಿಸಬೇಕಾದ ಶಕ್ತಿಯೂ ಅರ್ಧಕ್ಕೆ ಇಳಿಯುತ್ತದೆ. ಚಿಕ್ಕ ಎಂಜಿನ್ನನ್ನೇ ಉಳಿಸಿಕೊಂಡು ಗೇರ್‌ಬಾಕ್ಸಿನ ಹಿಂದೆ ಎಣ್ಣೆಯ ಘರ್ಷಣೆಯಿಂದ ವೇಗ ತಗ್ಗಿಸುವ ರಿಟಾರ್ಡರ್ ಕೂರಿಸಬಹುದು. 55 ಟನ್ನಿಗೆ ಪರವಾನಗಿ ಕೊಡುವ ದೇಶ ಘಾಟಿ ದಾರಿಯ ಲಾರಿಗಳಿಗೆ ಅದನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.