ಬೋಳಾದ ದೇವಕಣಗಿಲೆ ಸತ್ತಿದೆಯೇ?

ಪ್ರಶ್ನೆ: ಅಂಗಳದ ದೇವಕಣಗಿಲೆ ಡಿಸೆಂಬರ್‌ನಿಂದ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿದೆ. ಕಡಿಸಿಬಿಡಲೇ?

ಉತ್ತರ: ಬೇಡವೇ ಬೇಡ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಮರ ಒಣ ತಿಂಗಳುಗಳನ್ನು ಎಲೆ ಕಳಚಿಯೇ ಕಳೆಯುತ್ತದೆ. ಅನುಮಾನವಿದ್ದರೆ ರೆಂಬೆಯನ್ನು ಉಗುರಿನಿಂದ ಗೀರಿ ನೋಡಿ. ಒಳಗೆ ಹಸಿರಿದ್ದು ಬಿಳಿ ಹಾಲು ಜಿನುಗಿದರೆ ಜೀವವಿದೆ. (ಹಾಲು ತಾಗಿದರೆ ಕೆಲವರಿಗೆ ಚರ್ಮ ಉರಿಯುತ್ತದೆ, ಕೈ ತೊಳೆದುಕೊಳ್ಳಿ.) ರೆಂಬೆ ಒತ್ತಿದಾಗ ಮೆತ್ತಗಿದ್ದರೆ ಮಾತ್ರ ಕೊಳೆತ, ಅದಕ್ಕೆ ಕಾರಣ ಸಾಮಾನ್ಯವಾಗಿ 'ಅಯ್ಯೋ ಪಾಪ' ಎಂದು ನಾವೇ ಸುರಿದ ನೀರು. ಬೇಸಿಗೆಯಲ್ಲಿ ತುದಿ ಚಿಗುರುತ್ತದೆ. ಇನ್ನೊಂದು ಗಿಡ ಬೇಕಿದ್ದರೆ ಒಂದಡಿ ರೆಂಬೆ ಕತ್ತರಿಸಿ, ವಾರವಿಡೀ ನೆರಳಲ್ಲಿಟ್ಟು, ಗಾಯ ಒಣಗಿದ ಮೇಲೆ ನೆಡಿ. ಅಂದಹಾಗೆ, ರಾತ್ರಿ ಏರುವ ಇದರ ಹೂವಿನ ಘಮ ಪತಂಗಗಳಿಗೆ ಒಡ್ಡಿದ ಬಲೆ. ಹೂವಿನಲ್ಲಿ ಮಕರಂದವೇ ಇಲ್ಲ.